2022ರ ಅಕ್ಟೋಬರ್ ಸೀಸನ್ನಿನ ಅನಿಮೆ: ಬೊಚ್ಚಿಯೋ, ಚೈನ್‌ಸಾ ಮ್ಯಾನೋ, ಗುಂಡಮ್ಮೋ?

ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಸರಣಿ ಆರಿಸುವಾಗ ನಾವೆಲ್ಲ ಮೊದಲು ಓದುವುದು ಕಥೆಯ ಎರಡು ಸಾಲು. ಜನರ ಮುಂದೆ ಬಾಯಿ ಬಿಡಲಾಗದ ಹುಡುಗಿ ರಾಕ್ ಬ್ಯಾಂಡ್ ಸೇರುತ್ತಾಳೆ ('ಬೊಚ್ಚಿ ದ ರಾಕ್', ಚಿಕ್ಕದಾಗಿ ಬೊಚ್ಚಿ). ಅಪ್ಪ ಮಾಡಿಟ್ಟ ಸಾಲ ತೀರಿಸಲು ಹುಡುಗನೊಬ್ಬ ದೆವ್ವಗಳನ್ನು ಕೊಯ್ಯುತ್ತಾನೆ ('ಚೈನ್‌ಸಾ ಮ್ಯಾನ್'). ಮುನ್ನೂರು ಫುಟ್‌ಬಾಲ್ ಹುಡುಗರನ್ನು ಒಂದೇ ಕಟ್ಟಡದಲ್ಲಿ ಕೂಡಿಹಾಕುತ್ತಾರೆ ('ಬ್ಲೂ ಲಾಕ್'). ಇಷ್ಟನ್ನೇ ನಂಬಿಕೊಂಡು 2022ರ ಅಕ್ಟೋಬರ್–ಡಿಸೆಂಬರ್ ಸೀಸನ್ನಿನಿಂದ ಒಂದನ್ನು ಎತ್ತಿಕೊಂಡರೆ ಮೋಸ ಹೋಗುವ ಸಾಧ್ಯತೆಯೇ ಹೆಚ್ಚು. ಆ ಮೂರು ತಿಂಗಳಲ್ಲಿ ಎಲ್ಲಕ್ಕಿಂತ ತೆಳ್ಳಗಿನ ಕಥೆ ಇದ್ದದ್ದೇ ಎಲ್ಲಕ್ಕಿಂತ ಚೆನ್ನಾದ ಸರಣಿಯಾಯಿತು. ಎಲ್ಲಕ್ಕಿಂತ ಗಟ್ಟಿ ಕಥೆ ಇದ್ದದ್ದರ ಬಗ್ಗೆ ಅಭಿಮಾನಿಗಳ ಜಗಳ ಇನ್ನೂ ನಿಂತಿಲ್ಲ.

ಹಾಗಾಗಿ ಇಲ್ಲಿ ಕಥೆಗಿಂತ ಹೆಚ್ಚಾಗಿ, ಕೈಗೆ ಬಂದ ಸರಕನ್ನು ನಿರ್ದೇಶಕರು ಏನು ಮಾಡಿದರು ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ. ಮೂಲ ಮಾಂಗಾವನ್ನು (ಜಪಾನಿ ಕಾಮಿಕ್ಸ್) ಹಿಗ್ಗಿಸಿದವರಿದ್ದಾರೆ, ಬಗ್ಗಿಸಿದವರಿದ್ದಾರೆ, ಇದ್ದಂತೆಯೇ ಇಳಿಸಿದವರಿದ್ದಾರೆ, ಮಾಂಗಾವೇ ಇಲ್ಲದೆ ಹೊಸದಾಗಿ ಕಟ್ಟಿದವರೂ ಇದ್ದಾರೆ. ನಿಮಗೆ ಯಾವ ಬಗೆ ಹಿಡಿಸುತ್ತದೆ ಎಂದು ಗೊತ್ತಾದರೆ ಆಯ್ಕೆ ಅರ್ಧ ಮುಗಿದಂತೆ. ದೊಡ್ಡ ತಿರುವುಗಳನ್ನು ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಿ.

ಹಳೆಯ ಸರಣಿಗಳ ಮುಂದುವರಿದ ಭಾಗಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದೇ ಸೀಸನ್ನಿನಲ್ಲಿ 'ಮಾಬ್ ಸೈಕೊ 100'ರ ಮೂರನೇ ಭಾಗವಿತ್ತು, 'ಸ್ಪೈ ಫ್ಯಾಮಿಲಿ'ಯ ಉಳಿದರ್ಧವಿತ್ತು, ವರ್ಷಗಳ ನಂತರ 'ಬ್ಲೀಚ್' ಮರಳಿತ್ತು. ಅವನ್ನು ಹಿಂದಿನದು ನೋಡದೆ ಶುರು ಮಾಡಿ ಪ್ರಯೋಜನವಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ

ಜಪಾನಿನಲ್ಲಿ ಹೊಸ ಅನಿಮೆಗಳು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳಲ್ಲಿ ಗುಂಪಾಗಿ ಶುರುವಾಗುತ್ತವೆ. ಮೂರು ತಿಂಗಳ ಈ ಅವಧಿಗೆ ಅಲ್ಲಿ 'ಕೂರ್' ಎನ್ನುತ್ತಾರೆ. ವಾರಕ್ಕೊಂದರಂತೆ ಹನ್ನೆರಡೋ ಹದಿಮೂರೋ ಕಂತು. ಒಂದು ಕಂತು ಸುಮಾರು 24 ನಿಮಿಷ. ಮೊದಲ ಹಾಡು, ಕೊನೆಯ ಹಾಡು ಕಳೆದರೆ ಉಳಿಯುವುದು 21. ಅಂದರೆ ಹನ್ನೆರಡು ಕಂತಿನ ಸರಣಿ ನಾಲ್ಕು ಗಂಟೆ ಚಿಲ್ಲರೆ. ಮನಸ್ಸು ಮಾಡಿದರೆ ಒಂದು ಭಾನುವಾರಕ್ಕೆ ಮುಗಿಯುತ್ತದೆ.

ಪ್ರಸಾರದ ಹೊತ್ತನ್ನೂ ನೋಡಿಕೊಳ್ಳಿ. ಹೆಚ್ಚಿನವು ಮಧ್ಯರಾತ್ರಿ ದಾಟಿದ ಮೇಲೆ ಬರುವಂಥವು. ಅಲ್ಲಿನ ಟಿವಿ ಪಟ್ಟಿಯಲ್ಲಿ 25:30 ಎಂದು ಅಚ್ಚಾಗಿರುತ್ತದೆ. ಶನಿವಾರ 25:30 ಎಂದರೆ ಭಾನುವಾರ ಬೆಳಗಿನ ಜಾವ ಒಂದೂವರೆ. ಚೈನ್‌ಸಾ ಮ್ಯಾನ್, ಬೊಚ್ಚಿ, ಬ್ಲೂ ಲಾಕ್ ಮೂರೂ ಇಂಥ ಸರಿರಾತ್ರಿಯ ಸರಣಿಗಳು. ದೈತ್ಯ ರೋಬೋಗಳ ಕಥೆಯಾದ ಗುಂಡಮ್ ಮಾತ್ರ ಭಾನುವಾರ ಸಂಜೆ ಐದಕ್ಕೆ, ಮನೆಮಂದಿಯೆಲ್ಲ ಕೂತು ನೋಡುವ ಹೊತ್ತಿಗೆ ಬಂತು. ಈ ಸಂಗತಿ ಮುಂದೆ ಕೆಲಸಕ್ಕೆ ಬರುತ್ತದೆ.

ಬೊಚ್ಚಿ ಮತ್ತು ಚೈನ್‌ಸಾ ಮ್ಯಾನ್

ಇವೆರಡನ್ನು ಯಾರೂ ಸಾಮಾನ್ಯವಾಗಿ ಹೋಲಿಸುವುದಿಲ್ಲ. ಒಂದು ಗಿಟಾರ್ ಹಿಡಿದ ಹುಡುಗಿಯ ನಗೆಕಥೆ, ಇನ್ನೊಂದು ರಕ್ತದ ಓಕುಳಿ. ಆದರೆ ಎರಡನ್ನೂ ನಿರ್ದೇಶಿಸಿದವರು ಟಿವಿ ಸರಣಿಯೊಂದರ ಪೂರ್ತಿ ಹೊಣೆಯನ್ನು ಮೊದಲ ಬಾರಿಗೆ ಹೊತ್ತವರು. ಬೊಚ್ಚಿಗೆ ಕ್ಲೋವರ್‌ವರ್ಕ್ಸ್ ಸ್ಟುಡಿಯೊದಲ್ಲಿ ಕೇಯಿಚಿರೊ ಸೈತೊ, ಚೈನ್‌ಸಾ ಮ್ಯಾನ್‌ಗೆ ಮಾಪ್ಪಾ ಸ್ಟುಡಿಯೊದಲ್ಲಿ ರ್ಯೂ ನಕಯಾಮ. ಇಬ್ಬರೂ ಮೂಲ ಮಾಂಗಾವನ್ನು ಹಾಗೆಯೇ ಇಳಿಸಲು ಒಪ್ಪಲಿಲ್ಲ. ಹಿಡಿದ ದಾರಿ ಮಾತ್ರ ಒಂದಕ್ಕೊಂದು ಎದುರು.

ಚೈನ್‌ಸಾ ಮ್ಯಾನ್ ಬರುವ ಮುನ್ನವೇ ಅದರ ಸದ್ದು ಜೋರಾಗಿತ್ತು. ತತ್ಸುಕಿ ಫುಜಿಮೊತೊ ಅವರ ಮಾಂಗಾ 2018ರ ಕೊನೆಯಿಂದ 2020ರ ಕೊನೆಯವರೆಗೆ ಶೋನೆನ್ ಜಂಪ್ ವಾರಪತ್ರಿಕೆಯಲ್ಲಿ ಬಂದು ಹೆಸರು ಮಾಡಿತ್ತು. ಸಾಮಾನ್ಯವಾಗಿ ಅನಿಮೆಗೆ ಹಣ ಹಾಕುವುದು ಹಲವು ಕಂಪನಿಗಳು ಸೇರಿದ ಸಮಿತಿ: ಪ್ರಕಾಶಕರು, ಹಾಡಿನ ಕಂಪನಿ, ಟಿವಿ ವಾಹಿನಿ, ಆಟಿಕೆಯವರು ಹೀಗೆ. ಇಲ್ಲಿ ಮಾಪ್ಪಾ ಪೂರ್ತಿ ಹಣವನ್ನು ತಾನೇ ಹಾಕಿತು. ಲಾಭವೂ ತನ್ನದು, ನಷ್ಟವೂ ತನ್ನದು, ರುಚಿಯೂ ತನ್ನದು.

ಆ ರುಚಿ ಸಿನಿಮಾದ ರುಚಿ. ಮಾಂಗಾದ ಗೆರೆ ಒರಟು, ಓಟ ಹುಚ್ಚು. ಒಂದು ಚೌಕದಿಂದ ಇನ್ನೊಂದಕ್ಕೆ ಹಾರುವಾಗ ನಡುವಿನ ಹೆಜ್ಜೆಗಳೇ ಮಾಯ. ನಕಯಾಮ ಆ ಹೆಜ್ಜೆಗಳನ್ನು ತುಂಬಿದರು. ಪಾತ್ರಗಳು ಅನಿಮೆಯ ರೂಢಿಯಂತೆ ಕಿರುಚುವುದಿಲ್ಲ, ಪಕ್ಕದ ಮನೆಯವರ ಹಾಗೆ ಗೊಣಗುತ್ತವೆ. ಬೆಳಕು ಕಿಟಕಿಯಿಂದ ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತದೆ. ನಾಲ್ಕನೇ ಕಂತಿನಲ್ಲಿ ದೆವ್ವ ಬೇಟೆಗಾರ ಅಕಿ ಹಯಕಾವ ಬೆಳಿಗ್ಗೆ ಏಳುತ್ತಾನೆ, ಕಾಫಿ ಮಾಡಿಕೊಳ್ಳುತ್ತಾನೆ, ಪೇಪರ್ ಓದುತ್ತಾನೆ. ಏನೂ ಆಗುವುದಿಲ್ಲ. ದೆವ್ವ ಬೇಟೆಯ ಕಥೆಯಲ್ಲಿ ಇಷ್ಟು ನಿರಾಳವಾಗಿ ಕಾಫಿ ಕುಡಿಯುವುದನ್ನು ತೋರಿಸಲು ಧೈರ್ಯ ಬೇಕು. ಆ ದೃಶ್ಯ ಹಿಡಿಸಿದರೆ ಇಡೀ ಸರಣಿ ಹಿಡಿಸುತ್ತದೆ. 'ಇದೆಲ್ಲ ಯಾಕೆ, ಹೊಡೆದಾಟ ಎಲ್ಲಿ' ಎನ್ನಿಸಿದರೆ ಅಲ್ಲೇ ನಿಲ್ಲಿಸಿ ಮಾಂಗಾ ಓದುವುದು ಒಳ್ಳೆಯದು.

ಜಪಾನಿನ ಅಭಿಮಾನಿಗಳಲ್ಲೂ ಒಡಕು ಬಂದದ್ದು ಇದೇ ಜಾಗದಲ್ಲಿ. ಮಾಂಗಾವನ್ನು ತಲೆಯ ಮೇಲೆ ಹೊತ್ತು ಮೆರೆಸಿದವರಲ್ಲಿ ಅನೇಕರು ಅನಿಮೆಯ ಸೌಮ್ಯತೆಗೆ ಮೂಗು ಮುರಿದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಫುಜಿಮೊತೊ ಅವರ ನಗೆ ಹುಟ್ಟುವುದು ಥಟ್ಟನೆ ಕತ್ತರಿಸುವುದರಿಂದ. ನಡುವಿನ ಹೆಜ್ಜೆ ತುಂಬಿದ ಕಡೆ ಆ ನಗೆ ಸ್ವಲ್ಪ ಸೊರಗುತ್ತದೆ. ಮಾಂಗಾ ಓದದವರಿಗೆ ಈ ಕೊರತೆ ಕಾಣುವುದೇ ಇಲ್ಲ. ಹಾಗಾಗಿ ನನ್ನ ಸಲಹೆ ನೇರ: ಮಾಂಗಾ ಓದಿಲ್ಲವಾದರೆ ಅನಿಮೆಯಿಂದಲೇ ಶುರು ಮಾಡಿ, ಓದಿದವರು ಅನಿಮೆಯನ್ನು ಬೇರೊಬ್ಬರು ಹೇಳುವ ಅದೇ ಕಥೆ ಎಂದುಕೊಂಡು ಕೂರಿ.

ಒಂದನ್ನು ಯಾರೂ ಅಲ್ಲಗಳೆಯುವುದಿಲ್ಲ: ಹಾಡುಗಳು. ಕೆನ್ಶಿ ಯೊನೆಜು ಅವರ 'ಕಿಕ್ ಬ್ಯಾಕ್' ಆರಂಭದ ಹಾಡು. ಕೊನೆಯ ಹಾಡು ಹನ್ನೆರಡು ಕಂತಿಗೆ ಹನ್ನೆರಡು, ಪ್ರತಿಯೊಂದೂ ಬೇರೆ ಕಲಾವಿದರದು, ಪ್ರತಿಯೊಂದಕ್ಕೂ ಬೇರೆ ಚಿತ್ರಣ. 'ಮುಂದಿನ ಕಂತು' ಗುಂಡಿ ಒತ್ತುವ ಅಭ್ಯಾಸವಿದ್ದರೆ ಈ ಒಂದು ಸರಣಿಯ ಮಟ್ಟಿಗೆ ಬೆರಳನ್ನು ತಡೆದುಕೊಳ್ಳಿ. ಕೆನ್ಸುಕೆ ಉಶಿಯೊ ಅವರ ಹಿನ್ನೆಲೆ ಸಂಗೀತ ಮಾಧುರ್ಯಕ್ಕಿಂತ ಗರಗಸದ ಕಡೆಗೆ ಹೆಚ್ಚು ವಾಲುತ್ತದೆ, ಕಥೆಗೆ ಅದೇ ಸರಿ.

ಇನ್ನು ಕಥಾನಾಯಕ ಡೆಂಜಿ. ಸಾಲಕ್ಕಾಗಿ ಮೈಯ ಅಂಗಗಳನ್ನೇ ಮಾರಿಕೊಂಡ ಹುಡುಗ. ಜಗತ್ತನ್ನು ಉಳಿಸುವ ಆಸೆ ಅವನಿಗಿಲ್ಲ. ಬ್ರೆಡ್ಡಿಗೆ ಜಾಮ್ ಸವರಿಕೊಂಡು ತಿನ್ನಬೇಕು, ಹಾಸಿಗೆ ಮೇಲೆ ಮಲಗಬೇಕು, ಹುಡುಗಿಯೊಬ್ಬಳನ್ನು ಮುಟ್ಟಬೇಕು, ಅಷ್ಟೇ. ಈ ಬಡತನವನ್ನು ಸರಣಿ ಗೇಲಿ ಮಾಡುವುದಿಲ್ಲ, ಕರುಣೆಯ ಕಣ್ಣೀರನ್ನೂ ಸುರಿಸುವುದಿಲ್ಲ. ಅದೇ ಅದರ ದೊಡ್ಡ ಗುಣ.

ಈಗ ಬೊಚ್ಚಿಯ ಕಡೆ ಬರೋಣ. ಅಕಿ ಹಮಾಜಿ ಅವರ ಮೂಲ ಮಾಂಗಾ ನಾಲ್ಕು ಚೌಕದ ನಗೆಪಟ್ಟಿ. ಮೇಲಿನಿಂದ ಕೆಳಕ್ಕೆ ನಾಲ್ಕು ಚಿತ್ರ, ಕೊನೆಯದರಲ್ಲಿ ಒಂದು ನಗೆ, ಮುಗಿಯಿತು. ಇಂಥದ್ದನ್ನು ಅನಿಮೆ ಮಾಡುವಾಗ ಸಾಮಾನ್ಯವಾಗಿ ನಗೆಗಳನ್ನು ಸಾಲಾಗಿ ಪೋಣಿಸಿಬಿಡುತ್ತಾರೆ. ಸೈತೊ ಮತ್ತು ಚಿತ್ರಕಥೆ ಬರೆದ ಎರಿಕಾ ಯೋಶಿದಾ ಆ ಚೌಕಗಳ ನಡುವಿನ ಖಾಲಿ ಜಾಗದಲ್ಲಿ ಒಂದು ಪೂರ್ತಿ ಊರನ್ನು ಕಟ್ಟಿದರು.

ಗೊತೊ ಹಿತೊರಿ, ಅಡ್ಡಹೆಸರು ಬೊಚ್ಚಿ. ಮನೆಯ ಗೋಡೆಬೀರುವಿನೊಳಗೆ ಕೂತು ವರ್ಷಗಟ್ಟಲೆ ಗಿಟಾರ್ ಅಭ್ಯಾಸ ಮಾಡಿದ್ದಾಳೆ. ಅಂತರ್ಜಾಲದಲ್ಲಿ ಅವಳ ವಿಡಿಯೊಗಳಿಗೆ ಅಭಿಮಾನಿಗಳಿದ್ದಾರೆ, ತರಗತಿಯಲ್ಲಿ ಒಬ್ಬ ಗೆಳತಿಯೂ ಇಲ್ಲ. ಹಳೆಯ ಪರಿಚಯದವರು ಯಾರೂ ಸಿಗಬಾರದೆಂದು ಯೊಕೊಹಾಮಾದ ಕನಜಾವಾ ಹಕ್ಕೇಯಿಯಿಂದ ಎರಡು ಗಂಟೆ ರೈಲಿನಲ್ಲಿ ಟೋಕಿಯೊದ ಹೈಸ್ಕೂಲಿಗೆ ಹೋಗುತ್ತಾಳೆ. ಶಿಮೊಕಿತಜಾವಾದ ಸಣ್ಣ ಲೈವ್ ಹೌಸೊಂದರಲ್ಲಿ (ಬ್ಯಾಂಡುಗಳು ಜನರ ಮುಂದೆ ನುಡಿಸುವ ಜಾಗ) ನುಡಿಸುವ ಮೂವರ ಜೊತೆ ಸೇರಿಕೊಳ್ಳುತ್ತಾಳೆ. ಆ ಲೈವ್ ಹೌಸ್ ಅದೇ ಬಡಾವಣೆಯಲ್ಲಿ ನಿಜವಾಗಿ ಇರುವ 'ಶೆಲ್ಟರ್' ಎಂಬ ಜಾಗವನ್ನು ನೋಡಿ ಬಿಡಿಸಿದ್ದು. ಗೊತೊ, ಯಮಾದಾ, ಇಜಿಚಿ, ಕಿತಾ ಎಂಬ ನಾಲ್ವರ ಮನೆತನದ ಹೆಸರುಗಳು ಜಪಾನಿನ ಹೆಸರಾಂತ ರಾಕ್ ಬ್ಯಾಂಡ್ 'ಏಷಿಯನ್ ಕುಂಗ್ ಫೂ ಜನರೇಶನ್'ನ ನಾಲ್ವರದು. ಕೊನೆಯ ಕಂತಿನ ಕೊನೆಯ ಹಾಡು ಕೂಡ ಅವರದೇ ಹಾಡು, ಬೊಚ್ಚಿಗೆ ದನಿ ಕೊಟ್ಟ ಯೋಶಿನೊ ಆಯೋಯಾಮ ಹಾಡಿದ್ದು.

ಬೊಚ್ಚಿಗೆ ಗಾಬರಿಯಾದಾಗ ಚಿತ್ರವೇ ಗಾಬರಿಯಾಗುತ್ತದೆ. ಅವಳ ಮುಖ ಕರಗುತ್ತದೆ, ಒಡೆಯುತ್ತದೆ, ಹಳೆಯ ವಿಡಿಯೊ ಗೇಮಿನ ಒರಟು ತ್ರೀಡಿ ಬೊಂಬೆಯಾಗುತ್ತದೆ, ನಡುವೆ ಕ್ಯಾಮೆರಾದಲ್ಲಿ ತೆಗೆದ ನಿಜವಾದ ತುಣುಕುಗಳು ನುಗ್ಗುತ್ತವೆ. ನಗು ಬರುತ್ತದೆ. ಆದರೆ ಫೋನ್ ರಿಂಗಾದಾಗ ಎತ್ತಲು ಹೆದರಿ ಕೂತವರಿಗೆ, ಮದುವೆಮನೆಯಲ್ಲಿ ಮೂಲೆ ಹುಡುಕುವವರಿಗೆ ಇದು ಬರೀ ನಗೆಯಲ್ಲ ಎಂದು ತಟ್ಟನೆ ಗೊತ್ತಾಗುತ್ತದೆ. ಇನ್ನೊಂದು ಜಾಣತನ: ಸರಣಿ ಅವಳನ್ನು 'ಸರಿ ಮಾಡುವುದಿಲ್ಲ'. ಹನ್ನೆರಡನೇ ಕಂತಿನಲ್ಲೂ ಅವಳು ಅವಳೇ. ಬದಲಾದದ್ದು ಅವಳ ಕೈಯಲ್ಲಿ ಗಿಟಾರ್ ಇದ್ದಾಗಿನ ಕೆಲವು ನಿಮಿಷಗಳು ಮಾತ್ರ.

ಆ ನಿಮಿಷಗಳೇ ಈ ಸರಣಿಯ ಬೆಲೆ. ನಿಜವಾದ ವಾದಕರ ಚಲನೆಯನ್ನು ಆಧಾರವಾಗಿಟ್ಟುಕೊಂಡು ಬಿಡಿಸಿದ ಸಂಗೀತ ದೃಶ್ಯಗಳಲ್ಲಿ ಬೆರಳು ಯಾವ ತಂತಿಯ ಮೇಲಿದೆ ಎಂಬುದಕ್ಕೂ ಲೆಕ್ಕವಿದೆ. ಎಂಟನೇ ಕಂತನ್ನು ಹೆಡ್‌ಫೋನ್ ಹಾಕಿಕೊಂಡು ನೋಡಿ. ಹೊರಗೆ ಚಂಡಮಾರುತ, ಒಳಗೆ ಬೆರಳೆಣಿಕೆಯ ಜನ. ಮೊದಲ ಹಾಡು ಕೆಟ್ಟದಾಗಿ ಹೋಗುತ್ತದೆ: ಡ್ರಮ್ ಒಂದು ಕಡೆ, ದನಿ ಒಂದು ಕಡೆ. ಈ ಕೆಡುವಿಕೆಯನ್ನು ಬೇಕೆಂದೇ ಹಾಗೆ ನುಡಿಸಿ ಮುದ್ರಿಸಿದ್ದಾರೆ. ಎರಡನೇ ಹಾಡಿಗೆ ಮುನ್ನ ಬೊಚ್ಚಿ ಏನು ಮಾಡುತ್ತಾಳೆ ಎಂಬುದನ್ನು ನಾನು ಹೇಳುವುದಿಲ್ಲ. ಸಂಗೀತದ ಸರಣಿಗಳಲ್ಲಿ ಚೆನ್ನಾಗಿ ನುಡಿಸುವುದನ್ನು ತೋರಿಸುವವರು ಬೇಕಾದಷ್ಟು; ಕೆಟ್ಟದಾಗಿ ನುಡಿಸುವುದನ್ನು ಇಷ್ಟು ಕಿವಿಗೊಟ್ಟು ತೋರಿಸಿದವರು ಕಡಿಮೆ.

ಹಣದ ಮಾತೂ ಬರುತ್ತದೆ. ಹೊಸ ಬ್ಯಾಂಡುಗಳು ಲೈವ್ ಹೌಸಿನಲ್ಲಿ ನುಡಿಸಬೇಕಾದರೆ ಇಷ್ಟು ಟಿಕೆಟ್ ತಾವೇ ಮಾರಿಕೊಡಬೇಕು, ಮಾರದಿದ್ದರೆ ಕೈಯಿಂದ ತುಂಬಬೇಕು. ಬೊಚ್ಚಿಯ ಪಾಲಿಗೆ ಬಂದದ್ದು ಐದು ಟಿಕೆಟ್. ಅಪ್ಪ, ಅಮ್ಮ ಆದ ಮೇಲೆ ಮೂರನೆಯದಕ್ಕೆ ಹೆಸರೇ ಹೊಳೆಯುವುದಿಲ್ಲ. ನಮ್ಮೂರಿನ ಹವ್ಯಾಸಿ ನಾಟಕ ತಂಡಗಳಲ್ಲಿ ದುಡಿದವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಎರಡರಲ್ಲಿ ಯಾವುದು? ನನ್ನ ತೀರ್ಪು ಬೊಚ್ಚಿಯ ಕಡೆಗೆ. ನಕಯಾಮ ಒಳ್ಳೆಯ ಮಾಂಗಾವನ್ನು ಒಳ್ಳೆಯ ಸಿನಿಮಾದ ಅಳತೆಗೆ ಕತ್ತರಿಸಿದರು. ಸೈತೊ ಸಾಧಾರಣ ಅಳತೆಯ ಮೂಲದಿಂದ ಅದರಲ್ಲಿ ಇಲ್ಲದ್ದನ್ನೂ ಹುಟ್ಟಿಸಿದರು. ಮುಂದಿನ ವರ್ಷವೇ ಅವರು ಮ್ಯಾಡ್‌ಹೌಸ್ ಸ್ಟುಡಿಯೊದ 'ಫ್ರೀರೆನ್' ನಿರ್ದೇಶಿಸಿದರು; ಅದನ್ನು ನೋಡಿ ಮೆಚ್ಚಿದವರು ಬೊಚ್ಚಿಗೆ ಹಿಂತಿರುಗಿದರೆ ಅದೇ ಕೈಯ ತಾಳ್ಮೆ ಗುರುತು ಸಿಗುತ್ತದೆ. ಆದರೂ ನೀವು ಅನಿಮೆಗೆ ಹೊಸಬರು, ಇಂಗ್ಲಿಷ್ ಸಿನಿಮಾಗಳನ್ನು ನೋಡಿ ಬೆಳೆದವರು, 'ಕಾರ್ಟೂನ್' ಎಂದರೆ ಸ್ವಲ್ಪ ಹಿಂಜರಿಯುವವರು ಎಂದಾದರೆ ಚೈನ್‌ಸಾ ಮ್ಯಾನ್ ಸುಲಭದ ಬಾಗಿಲು. ಬೊಚ್ಚಿಯ ಅತಿರೇಕದ ಮುಖಚೇಷ್ಟೆಗಳಿಗೆ ಒಗ್ಗಿಕೊಳ್ಳಲು ಒಂದೆರಡು ಕಂತು ಬೇಕು.

ಭಾನುವಾರ ಸಂಜೆಯ ಗುಂಡಮ್

'ಗುಂಡಮ್' ಎಂದ ಕೂಡಲೇ ಕೈಮುಗಿದು ಪಕ್ಕಕ್ಕೆ ಸರಿಯುವವರಿದ್ದಾರೆ. 1979ರಲ್ಲಿ ಶುರುವಾದ, ಹತ್ತಾರು ಸರಣಿ, ಸಿನಿಮಾಗಳ ಲೋಕ, ಎಲ್ಲಿಂದ ನೋಡುವುದು? 'ದ ವಿಚ್ ಫ್ರಮ್ ಮರ್ಕ್ಯುರಿ'ಗೆ ಆ ಭಯ ಬೇಡ. ಹಳೆಯದರ ಜೊತೆ ಕಥೆಯ ನಂಟೇ ಇಲ್ಲ, ಕಾಲವೂ ಬೇರೆ, ಲೋಕವೂ ಬೇರೆ. ಏಳು ವರ್ಷಗಳ ಹಿಂದೆ, 2015ರಲ್ಲಿ ಶುರುವಾದ 'ಐರನ್ ಬ್ಲಡೆಡ್ ಆರ್ಫನ್ಸ್' ನಂತರ ಟಿವಿಗೆ ಬಂದ ಹೊಸ ಗುಂಡಮ್ ಕಥೆ ಇದು. ಹೊಸ ಪೀಳಿಗೆಯನ್ನು ಒಳಗೆ ಕರೆಯಲೆಂದೇ ಬಾಗಿಲು ತಗ್ಗಿಸಿದ್ದಾರೆ.

ಮೂಲ ಮಾಂಗಾ ಇಲ್ಲ; ಹಿರೋಶಿ ಕೊಬಾಯಾಶಿ ನಿರ್ದೇಶನ, ಇಚಿರೊ ಓಕೌಚಿ ಬರವಣಿಗೆ. ಬುಧಗ್ರಹದಿಂದ ಬಂದ ತೊದಲು ಮಾತಿನ ಸುಲೆತ್ತಾ, ಶಸ್ತ್ರ ಕಂಪನಿಗಳ ಮಕ್ಕಳು ಓದುವ ಶಾಲೆಗೆ ಸೇರುತ್ತಾಳೆ. ಅಲ್ಲಿ ಜಗಳ ಬಗೆಹರಿಯುವುದು ರೋಬೋಗಳ ದ್ವಂದ್ವಯುದ್ಧದಲ್ಲಿ. ಗೆದ್ದವರಿಗೆ ಅಧ್ಯಕ್ಷನ ಮಗಳು ಮಿಯೊರಿನೆಯ ಕೈ. ಸುಲೆತ್ತಾ ತಿಳಿಯದೆ ಗೆದ್ದುಬಿಡುತ್ತಾಳೆ. ಶಾಲೆಯ ಹಾಸ್ಯ, ಮದುವೆಯ ನಿಶ್ಚಯ, ಹಿಂದೆ ಎಲ್ಲೋ ಮುಖವಾಡ ಹಾಕಿದ ತಾಯಿಯ ಸೇಡು. ಶೇಕ್ಸ್‌ಪಿಯರನ 'ಟೆಂಪೆಸ್ಟ್' ಓದಿದವರು ತಾಯಿಯ ಹೆಸರು ಪ್ರಾಸ್ಪೆರಾ, ರೋಬೋದ ಹೆಸರು ಏರಿಯಲ್ ಎಂದು ಕೇಳಿದ ಕೂಡಲೇ ಕಿವಿ ನಿಮಿರಿಸುತ್ತಾರೆ.

ಸುಲೆತ್ತಾಗೆ ತಾಯಿ ಹೇಳಿಕೊಟ್ಟ ಒಂದು ಮಂತ್ರವಿದೆ: ಓಡಿಹೋದರೆ ಒಂದು ದಕ್ಕುತ್ತದೆ, ಮುಂದೆ ಹೋದರೆ ಎರಡು. ಮಗುವಿಗೆ ಧೈರ್ಯ ತುಂಬುವ ಮಾತಿನಂತೆ ಕೇಳುತ್ತದೆ. ಹನ್ನೆರಡನೇ ಕಂತಿನ ಕೊನೆಯ ನಿಮಿಷಗಳಲ್ಲಿ ಆ ಮಂತ್ರ ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂಬುದನ್ನು ನೋಡಿದವರು ಮರೆಯುವುದಿಲ್ಲ. ಸಂಜೆ ಐದರ ಪ್ರಸಾರ ಎಂದೆನಲ್ಲ, ಮಕ್ಕಳು ಟಿವಿ ಮುಂದಿರುವ ಹೊತ್ತಿಗೆ ಅದು ಬಂತು. ಹಗುರ ಶಾಲಾಕಥೆ ಎಂದುಕೊಂಡು ಹತ್ತು ವರ್ಷದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಮುನ್ನ ಆ ಕಂತನ್ನು ನೀವೊಬ್ಬರೇ ನೋಡಿ.

ಕೊರತೆಗಳೂ ಇವೆ. ಹಳೆಯ ಗುಂಡಮ್ ಸರಣಿಗಳಿಗೆ ನಲವತ್ತು, ಐವತ್ತು ಕಂತುಗಳ ಹರವು ಇರುತ್ತಿತ್ತು. ಇದಕ್ಕೆ ಎರಡು ಭಾಗ ಸೇರಿ ಸಿಕ್ಕಿದ್ದು ಇಪ್ಪತ್ತನಾಲ್ಕು, ಜೊತೆಗೊಂದು ಪೀಠಿಕೆ. 2023ರ ಏಪ್ರಿಲ್‌ನಿಂದ ಜುಲೈವರೆಗೆ ಬಂದ ಎರಡನೇ ಭಾಗದಲ್ಲಿ ಕಥೆ ಏದುಸಿರು ಬಿಡುತ್ತದೆ. ಕಂಪನಿ ರಾಜಕೀಯ, ಭೂಮಿಯ ಬಡವರ ಬಂಡಾಯ, ತಾಯಿಯ ಯೋಜನೆ ಎಲ್ಲವೂ ಒಂದೇ ಬಾಗಿಲಲ್ಲಿ ನುಗ್ಗುತ್ತವೆ. ಮೊದಲ ಭಾಗ ಮಾತ್ರ ಹದವಾಗಿದೆ. ನೋಡುವುದಾದರೆ 'ಪ್ರೊಲಾಗ್' ಎಂಬ ಪೀಠಿಕೆಯ ಕಂತನ್ನು ಬಿಡಬೇಡಿ. ಮೊದಲ ಕಂತಿನ ನಗು ಎಷ್ಟು ಕಹಿ ಎಂದು ತಿಳಿಯುವುದು ಅದನ್ನು ನೋಡಿದ ಮೇಲೆಯೇ.

ಬ್ಲೂ ಲಾಕ್, ವಿಶ್ವಕಪ್ ಜೊತೆಗೆ

ಬ್ಲೂ ಲಾಕ್‌ಗೆ ಕಾಲವೇ ಕೂಡಿಬಂತು. 2018ರ ವಿಶ್ವಕಪ್ಪಿನಲ್ಲಿ ಜಪಾನ್ ಬೆಲ್ಜಿಯಂ ಎದುರು ಎರಡು ಗೋಲು ಮುಂದಿದ್ದು 3–2ರಲ್ಲಿ ಸೋತು ಹದಿನಾರರ ಘಟ್ಟದಲ್ಲೇ ಮನೆಗೆ ಹೋಯಿತು. ಕಥೆ ಹೊರಡುವುದು ಆ ವಿಶ್ವಕಪ್ಪಿನ ಸೋಲಿನಿಂದ. ಜಪಾನಿಗೆ ಬೇಕಿರುವುದು ಚೆಂಡು ಹಂಚಿಕೊಳ್ಳುವ ಸಭ್ಯರಲ್ಲ, ಚೆಂಡು ಕಸಿದುಕೊಳ್ಳುವ ಸ್ವಾರ್ಥಿ ಎಂದು ತರಬೇತುದಾರ ಎಗೊ ವಾದಿಸುತ್ತಾನೆ. ಮುನ್ನೂರು ಸ್ಟ್ರೈಕರುಗಳನ್ನು ಕೂಡಿಹಾಕಿ ಒಬ್ಬನನ್ನು ಹೆಕ್ಕಲು ಹೊರಡುತ್ತಾನೆ. ಸರಣಿ ಅಕ್ಟೋಬರ್ 9ರಂದು ಶುರುವಾಯಿತು. ನವೆಂಬರ್ 23ಕ್ಕೆ ಕತಾರಿನಲ್ಲಿ ನಿಜವಾದ ಜಪಾನ್ ತಂಡ ಜರ್ಮನಿಯನ್ನು 2–1ರಿಂದ ಸೋಲಿಸಿತು, ಡಿಸೆಂಬರ್ 1ಕ್ಕೆ ಸ್ಪೇನನ್ನೂ ಅಷ್ಟೇ ಅಂತರದಿಂದ. ಆಮೇಲೆ ಕ್ರೊಯೇಶಿಯಾ ಎದುರು ಪೆನಾಲ್ಟಿಯಲ್ಲಿ ಸೋತಿತು. ಸಂಘಟಿತ ಆಟದಿಂದಲೇ ದೈತ್ಯರನ್ನು ಕೆಡವಿದ ಆ ತಂಡ ಎಗೊನ ವಾದಕ್ಕೆ ಒಳ್ಳೆಯ ಉತ್ತರವನ್ನೇ ಕೊಟ್ಟಿತ್ತು. ಅದರಿಂದ ಮಾಂಗಾಕ್ಕೇನೂ ನಷ್ಟವಾಗಲಿಲ್ಲ. 2023ರಲ್ಲಿ ಜಪಾನಿನ ಓರಿಕಾನ್ ಪಟ್ಟಿಯಲ್ಲಿ ಅತಿ ಹೆಚ್ಚು ಮಾರಾಟವಾದ ಮಾಂಗಾ ಅದೇ.

ಎಯ್ಟ್ ಬಿಟ್ ಸ್ಟುಡಿಯೊ ಮೂಲವನ್ನು ಇದ್ದ ಹಾಗೆಯೇ ಇಳಿಸಿದೆ. ಓಟದ ಚಿತ್ರಣ ಎಲ್ಲ ಕಡೆ ಒಂದೇ ಮಟ್ಟದಲ್ಲಿಲ್ಲ. ಆಟಕ್ಕಿಂತ ಆಟಗಾರನ ತಲೆಯೊಳಗಿನ ಮಾತೇ ಹೆಚ್ಚು. ಕಾಲಿನಿಂದ ಚೆಂಡು ಹೊರಡುವ ಅರೆಕ್ಷಣದಲ್ಲಿ ಕಥಾನಾಯಕ ಇಸಾಗಿ ಅರ್ಧ ಪುಟ ಯೋಚಿಸುತ್ತಾನೆ. ಫುಟ್‌ಬಾಲ್ ಬಲ್ಲವರಿಗೆ ಕಿರಿಕಿರಿಯಾಗಬಹುದು. ಸೋತವರು ಹೊರಗೆ ಎಂಬ ಪಂದ್ಯಾವಳಿಯ ರೋಚಕತೆ ಬೇಕಾದವರಿಗೆ ಇಪ್ಪತ್ತನಾಲ್ಕು ಕಂತು ಉರುಳಿದ್ದೇ ತಿಳಿಯುವುದಿಲ್ಲ. ಕಾಲೇಜು ಹುಡುಗರು ನಾಲ್ಕೈದು ಮಂದಿ ಸೇರಿ ಕೂಗಾಡುತ್ತ ನೋಡಲು ಈ ಸೀಸನ್ನಿನಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಒಬ್ಬರೇ ಕೂತರೆ ಇದರ ಅತಿರೇಕ ಬೇಗ ಕಣ್ಣಿಗೆ ಬೀಳುತ್ತದೆ.

ಸದ್ದಿಲ್ಲದೆ ಬಂದ ಎರಡು

'ಅಕಿಬಾ ಮೇಡ್ ವಾರ್' ಮತ್ತು 'ಡೂ ಇಟ್ ಯುವರ್‌ಸೆಲ್ಫ್' ಎರಡೂ ಮಾಂಗಾದ ಹಂಗಿಲ್ಲದ ಹೊಸ ಕಥೆಗಳು, ಎರಡಕ್ಕೂ ಹನ್ನೆರಡೇ ಕಂತು, ಎರಡೂ ದೊಡ್ಡವುಗಳ ನಡುವೆ ಸಿಕ್ಕಿ ನಜ್ಜುಗುಜ್ಜಾದವು.

ಮೊದಲನೆಯದನ್ನು ಮಾಡಿದ್ದು ಪಿ.ಎ. ವರ್ಕ್ಸ್. 1999ರ ಅಕಿಹಬಾರಾ, ಟೋಕಿಯೊದ ಒಂದು ಬಡಾವಣೆ. ಫ್ರಿಲ್ಲು ಲಂಗದ ಮೇಡ್ (ಮನೆಗೆಲಸದವಳ) ವೇಷ ತೊಟ್ಟು ಗಿರಾಕಿಗಳಿಗೆ ಮುದ್ದಾಗಿ ಊಟ ಬಡಿಸುವ ಕೆಫೆಗಳು ಒಳಗೊಳಗೆ ಯಕುಜಾ ಎಂಬ ಜಪಾನಿ ಗೂಂಡಾ ಗುಂಪುಗಳ ಹಾಗೆ ಗಡಿ, ಸಾಲ, ಸೇಡು ಎಂದು ಬಡಿದಾಡುತ್ತವೆ. ಹಂದಿ ಕಿವಿಯ ಟೋಪಿ ಹಾಕುವ ಬಡ ಕೆಫೆಯೊಂದಕ್ಕೆ ಒಂದೇ ದಿನ ಇಬ್ಬರು ಸೇರುತ್ತಾರೆ: ಕನಸು ಕಂಗಳ ಹದಿಹರೆಯದ ನಗೊಮಿ, ಮೂವತ್ತೈದರ ಆಸುಪಾಸಿನ ಮೌನಿ ರಂಕೊ. ಹಳೆಯ ಜಪಾನಿ ಗೂಂಡಾ ಸಿನಿಮಾಗಳ ಗಾಂಭೀರ್ಯವನ್ನು ಒಂದಿಷ್ಟೂ ಬಿಡದೆ ಈ ಹುಚ್ಚು ಕಥೆಗೆ ತೊಡಿಸಿದ್ದಾರೆ. ನಗೆಗೆಂದು ಶುರುವಾದದ್ದು ಕೊನೆಗೆ ಬರುವಷ್ಟರಲ್ಲಿ ರಂಕೊಳ ಮೇಲೆ ನಿಜವಾದ ಗೌರವ ಹುಟ್ಟಿಸುತ್ತದೆ. ಈ ಸೀಸನ್ನಿನ ಬೆಲೆ ಸಿಗದ ಸರಣಿ ಯಾವುದೆಂದರೆ ಇದನ್ನೇ ಹೇಳುತ್ತೇನೆ.

ಎರಡನೆಯದು ಪೈನ್ ಜ್ಯಾಮ್ ಸ್ಟುಡಿಯೊದ್ದು. ನೀಗಾತಾ ಪ್ರಾಂತದ ಸಾಂಜೊ, ಲೋಹದ ಕೆಲಸಕ್ಕೆ, ಉಪಕರಣಗಳಿಗೆ ಹೆಸರಾದ ಊರು. ಅಲ್ಲಿ ಕೆಲವು ಹುಡುಗಿಯರು ಮರ ಕೊಯ್ದು, ಮೊಳೆ ಹೊಡೆದು, ಕೊನೆಗೆ ಮರದ ಮೇಲೊಂದು ಮನೆ ಕಟ್ಟುತ್ತಾರೆ. ಅಷ್ಟೇ ಕಥೆ. ಸದಾ ಕೈಕಾಲಿಗೆ ಬ್ಯಾಂಡೇಜ್ ಅಂಟಿಸಿಕೊಂಡು ಓಡಾಡುವ ಸೆರುಫು ಎಂಬ ಮಂಕು ಹುಡುಗಿ, ಅವಳ ಮೇಲೆ ಮುನಿಸಿಕೊಂಡ ಬಾಲ್ಯದ ಗೆಳತಿ. ತೆಳು ಗೆರೆ, ನೀರು ಬಣ್ಣದ ಹಿತ. ಮಗುವಿನ ಜೊತೆ ಕೂತು ನೋಡಬೇಕೆಂದರೆ ಆರರಲ್ಲಿ ನಾನು ಯೋಚಿಸದೆ ಕೈಗೆತ್ತಿಕೊಳ್ಳುವುದು ಇದನ್ನೇ.

ಓದುವ ಭಾರ, ವಯಸ್ಸು, ಜೇಬು

ನಮ್ಮಲ್ಲಿ ಹೆಚ್ಚಿನವರು ಇವನ್ನು ಜಪಾನಿ ದನಿ, ಇಂಗ್ಲಿಷ್ ಸಬ್‌ಟೈಟಲ್ ಜೊತೆ ನೋಡುವುದರಿಂದ ಓದುವ ಭಾರವೂ ಆಯ್ಕೆಯ ಲೆಕ್ಕಕ್ಕೆ ಸೇರಬೇಕು. ಚೈನ್‌ಸಾ ಮ್ಯಾನ್‌ನಲ್ಲಿ ಮಾತು ಕಡಿಮೆ, ಇಂಗ್ಲಿಷ್ ನಿಧಾನವಾಗಿ ಓದುವವರಿಗೂ ನೆಮ್ಮದಿ. ಬ್ಲೂ ಲಾಕ್‌ನಲ್ಲಿ ಸಾಲುಗಳು ಸರಸರನೆ ಓಡುತ್ತವೆ. ಗುಂಡಮ್‌ನಲ್ಲಿ ಕಂಪನಿ, ಕುಟುಂಬ, ಯಂತ್ರಗಳ ಹೆಸರು ನೆನಪಿಡುವುದೇ ಕೆಲಸ. ಮೊದಲ ಮೂರು ಕಂತುಗಳನ್ನು ಬಿಡುವು ಕೊಡದೆ ನೋಡಿದರೆ ತಲೆಯಲ್ಲಿ ಕೂರುತ್ತವೆ. ಬೊಚ್ಚಿಯಲ್ಲಿ ಮಾತಿನ ಜೊತೆ ಪರದೆಯ ಮೇಲಿನ ಬರಹಗಳಲ್ಲೂ ನಗೆ ಅಡಗಿರುವುದರಿಂದ ಆಗಾಗ ಹಿಂದಕ್ಕೆ ಹೋಗಬೇಕಾಗುತ್ತದೆ. ಆದರೆ ಇಂಗ್ಲಿಷ್ ಡಬ್ಬಿಂಗ್ ಇದ್ದರೂ ಬೊಚ್ಚಿಯನ್ನು ಜಪಾನಿಯಲ್ಲೇ ಕೇಳಿ. ಗಂಟಲಿನಿಂದ ಹೊರಬೀಳಲು ಒದ್ದಾಡುವ ಆಯೋಯಾಮ ಅವರ ಆ ದನಿ ಇಲ್ಲದೆ ಅರ್ಧ ಬೊಚ್ಚಿಯೂ ಉಳಿಯುವುದಿಲ್ಲ.

ಚೈನ್‌ಸಾ ಮ್ಯಾನ್ ಮತ್ತು ಅಕಿಬಾ ಮೇಡ್ ವಾರ್ ದೊಡ್ಡವರಿಗೆ ಮಾತ್ರ. ಮೊದಲನೆಯದರಲ್ಲಿ ರಕ್ತವಷ್ಟೇ ಅಲ್ಲ, ಕಾಮದ ಮಾತೂ ಹೇಸಿಗೆಯ ದೃಶ್ಯಗಳೂ ಇವೆ. ಊಟ ಮಾಡುತ್ತ ಏಳನೇ ಕಂತು ನೋಡಬೇಡಿ. ಬೊಚ್ಚಿಯಲ್ಲಿ ಸದಾ ಕುಡಿದು ತೂರಾಡುವ ಒಬ್ಬಳು ಬಾಸ್ ವಾದಕಿ ಇದ್ದಾಳೆ ಎಂಬುದನ್ನು ಬಿಟ್ಟರೆ ಹೈಸ್ಕೂಲು ಮಕ್ಕಳಿಗೆ ತೊಂದರೆಯಿಲ್ಲ.

ಭಾರತದಲ್ಲಿ ಅನಿಮೆ ತೋರಿಸುವ ಕ್ರಂಚಿರೋಲ್ ಎಂಬ ಅಂತರ್ಜಾಲ ಸೇವೆಯ ಚಂದಾ ಇದ್ದರೆ ಚೈನ್‌ಸಾ ಮ್ಯಾನ್ ಸಿಗುತ್ತದೆ. ಉಳಿದವುಗಳ ಹಕ್ಕು ಆಗಾಗ ಕೈಬದಲಾಗುವಂಥದ್ದು, ದುಡ್ಡು ಕಟ್ಟುವ ಮುನ್ನ ಬೇಕಾದ ಹೆಸರನ್ನು ಒಮ್ಮೆ ಹುಡುಕಿ ನೋಡಿ. ಚೈನ್‌ಸಾ ಮ್ಯಾನ್ ಹನ್ನೆರಡಕ್ಕೆ ನಿಂತರೂ ಕಥೆ ಮುಗಿಯುವುದಿಲ್ಲ ಎಂಬುದೂ ನೆನಪಿರಲಿ. ಮುಂದಿನ ಭಾಗ 2025ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ 'ರೆಜೆ ಆರ್ಕ್' ಎಂಬ ಸಿನಿಮಾ ಆಗಿ ಬಂತು, ತತ್ಸುಯಾ ಯೋಶಿಹಾರಾ ನಿರ್ದೇಶನದಲ್ಲಿ. ಟಿವಿ ಸರಣಿಯ ಹೊಡೆದಾಟಗಳ ಹೊಣೆ ಹೊತ್ತಿದ್ದವರು ಅವರೇ.

ಎಷ್ಟು ಕಂತು ನೋಡಿ ಬಿಡುವುದು?

ಅನಿಮೆ ನೋಡುವವರಲ್ಲಿ ಮೂರು ಕಂತಿನ ನಿಯಮವೊಂದಿದೆ: ಮೂರು ನೋಡಿ, ಹಿಡಿಸದಿದ್ದರೆ ಬಿಡಿ. ಈ ಸೀಸನ್ನಿಗೆ ಅದು ಸರಿಹೊಂದುವುದಿಲ್ಲ. ಚೈನ್‌ಸಾ ಮ್ಯಾನ್‌ನ ಪರೀಕ್ಷೆ ನಾಲ್ಕನೇ ಕಂತಿನ ಕಾಫಿ. ಬೊಚ್ಚಿಗೆ ಐದರವರೆಗೆ ಕಾಯಿರಿ. ಲೈವ್ ಹೌಸಿನಲ್ಲಿ ನುಡಿಸಲು ಯೋಗ್ಯರೋ ಅಲ್ಲವೋ ಎಂಬ ಪರೀಕ್ಷೆ ಅಲ್ಲಿ ನಡೆಯುತ್ತದೆ, ಅದು ಮುಟ್ಟದಿದ್ದರೆ ಎಂಟನೆಯದೂ ಮುಟ್ಟುವುದಿಲ್ಲ. ಗುಂಡಮ್‌ಗೆ ಪೀಠಿಕೆ ಮತ್ತು ಮೊದಲ ಕಂತು ಬೆನ್ನುಬೆನ್ನಿಗೆ ನೋಡಿದರೆ ಸಾಕು. ಬ್ಲೂ ಲಾಕ್ ಮೊದಲ ಕಂತಿನಲ್ಲೇ ತನ್ನನ್ನು ಪೂರ್ತಿ ತೋರಿಸಿಕೊಳ್ಳುತ್ತದೆ: ಗೋಲಿನ ಮುಂದೆ ನಿಂತ ಇಸಾಗಿ ತಾನು ಹೊಡೆಯದೆ ಜೊತೆಗಾರನಿಗೆ ಚೆಂಡು ಕೊಡುತ್ತಾನೆ, ಜೊತೆಗಾರ ತಪ್ಪಿಸುತ್ತಾನೆ, ತಂಡ ಸೋಲುತ್ತದೆ. ಆ ಸಂಕಟ ನಿಮಗೆ ತಾಗಿತೋ ಇಲ್ಲವೋ, ಅಷ್ಟೇ. ಅಕಿಬಾ ಮೇಡ್ ವಾರ್‌ಗೆ ಒಂದೇ ಕಂತು. ಅದರ ಕೊನೆಯಲ್ಲಿ ಒಂದು ಕಡೆ ವೇದಿಕೆಯ ಮೇಲೆ ಮುದ್ದು ಹಾಡು ನಡೆಯುತ್ತಿರುತ್ತದೆ, ಇನ್ನೊಂದು ಕಡೆ ರಂಕೊ ಬಂದೂಕು ಹಿಡಿದು ಅದೇ ತಾಳಕ್ಕೆ ಹೆಜ್ಜೆ ಹಾಕುತ್ತಿರುತ್ತಾಳೆ. ಅಲ್ಲಿ ನಗು ಬಾರದವರು ಡೂ ಇಟ್ ಯುವರ್‌ಸೆಲ್ಫ್ ಹಾಕಿಕೊಂಡು ಹಾಯಾಗಿ ಕೂರಬಹುದು.